ಒತ್ತೋದು ಒಂದು, ತೆರ್ಕೊಳ್ಳೋದು ಇನ್ನೊಂದು: ಬ್ರೌಸರ್ ಕಾಟದ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಒಂದು ಪೇಜ್‌ಗೆ ಹೋಗೋಕೆ ಹೋದ್ರೆ ಬ್ರೌಸರ್ ಬೇರೆಲ್ಲಿಗೋ ಎಳ್ಕೊಂಡು ಹೋಗುತ್ತೆ ಅನ್ನೋದು. ಅದಕ್ಕೆ ಈ ಸಂಚಿಕೆ ಪೂರ್ತಿ ಇದಕ್ಕೇ ಇಟ್ಟಿದೀನಿ. ಈ ಕಾಟ ಕೂತ್ಕೊಳ್ಳೋ ಜಾಗ ಒಂದೇ ಅಲ್ಲ. ಬ್ರೌಸರ್ ಒಳಗಿರಬಹುದು, ವಿಂಡೋಸ್‌ನಲ್ಲಿರಬಹುದು, ಫೋನಿನ ಯಾವ್ದೋ ಆಪ್‌ನಲ್ಲಿರಬಹುದು, ಮನೆ ರೂಟರ್‌ನಲ್ಲಿರಬಹುದು, ಕೆಲವು ಸಲ ನೀವು ಹೋಗ್ತಿರೋ ವೆಬ್‌ಸೈಟ್‌ನಲ್ಲೇ ಇರುತ್ತೆ. ಎಲ್ಲಿದೆ ಅಂತ ಗೊತ್ತಾಗೋ ಮುಂಚೆ ಮಾಡೋ ರಿಪೇರಿ ಎಲ್ಲಾ ದಂಡ. ಕೆಳಗಿನ ಉತ್ತರಗಳಲ್ಲಿ ನಾನು ಪದೇ ಪದೇ "ಮೊದ್ಲು ಇದನ್ನ ಚೆಕ್ ಮಾಡಿ" ಅಂತ ಹೇಳೋದು ಅದಕ್ಕೇ.

ಪ್ರಶ್ನೆ: ಸರ್ ನಮಸ್ಕಾರ. ತುಮಕೂರಲ್ಲಿ ಸಣ್ಣ ಡಿಟಿಪಿ ಅಂಗಡಿ ಇಟ್ಕೊಂಡಿದೀನಿ. ಕ್ರೋಮ್‌ನಲ್ಲಿ ಏನೇ ಹುಡುಕಿದ್ರೂ ಒಂದು ಕ್ಷಣ ಯಾವ್ದೋ ಗೊತ್ತಿಲ್ಲದ ಸರ್ಚ್ ಪೇಜ್ ಬಂದು ಹೋಗುತ್ತೆ, ಆಮೇಲೆ ಯಾಹೂ ಓಪನ್ ಆಗುತ್ತೆ. ಕ್ರೋಮ್ ತೆಗೆದು ಮತ್ತೆ ಹಾಕಿದೆ, ಸ್ವಲ್ಪ ಹೊತ್ತು ಸರಿ ಇತ್ತು, ಮತ್ತೆ ಅದೇ. ಕಂಪ್ಯೂಟರ್ ರಿಪೇರಿಯವರು ಫಾರ್ಮ್ಯಾಟ್ ಮಾಡ್ಬೇಕು ಅಂತಿದಾರೆ. ಲಗ್ನಪತ್ರಿಕೆ ಡಿಸೈನು, ನುಡಿ ಫೈಲುಗಳು, ಗಿರಾಕಿಗಳ ಫೋಟೋ ಎಲ್ಲಾ ಅದ್ರಲ್ಲೇ ಇದೆ. ಫಾರ್ಮ್ಯಾಟ್ ಮಾಡಿಸ್ಲಾ?

ಉತ್ತರ: ಈಗ್ಲೇ ಬೇಡ ಸರ್. ನೀವು ಹೇಳಿದ ಲಕ್ಷಣ ನೋಡಿದ್ರೆ ಇದು ಬ್ರೌಸರ್ ಹೈಜಾಕರ್, ಅಂದ್ರೆ ಬ್ರೌಸರ್‌ನ ತನ್ನ ಹಿಡಿತಕ್ಕೆ ತಗೊಂಡು ಬೇರೆ ಕಡೆ ತಿರುಗಿಸೋ ಕಳ್ಳ ಪ್ರೋಗ್ರಾಂ, ಹತ್ತರಲ್ಲಿ ಒಂಬತ್ತು ಸಲ ಫಾರ್ಮ್ಯಾಟ್ ಇಲ್ಲದೇ ಹೋಗುತ್ತೆ ಅನ್ನೋಷ್ಟು ಮಾಮೂಲಿ ವಿಷಯ. ಹಾಗಂತ ಹಗುರವಾಗಿ ತಗೋಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಕೊನೆಗೆ ಯಾಹೂ ಬಂತು ಅಂದಾಕ್ಷಣ ತಪ್ಪು ಯಾಹೂದಲ್ಲ. ನಡುವೆ ಬಂದು ಹೋಗುತ್ತಲ್ಲ ಆ ಪೇಜು, ಅದೇ ದುಡ್ಡು ಮಾಡ್ತಿರೋದು. ಸರ್ಚ್ ಕಂಪನಿಗಳು ತಮ್ಮ ಹತ್ರ ಜನ ಕಳಿಸಿದವರಿಗೆ ಜಾಹೀರಾತಿನ ದುಡ್ಡಲ್ಲಿ ಪಾಲು ಕೊಡ್ತವೆ, ಈ ಕಳ್ಳರು ನಿಮ್ಮ ಹುಡುಕಾಟವನ್ನ ತಮ್ಮ ದಾರಿಯಿಂದ ತಿರುಗಿಸಿ ಆ ಪಾಲು ಹೊಡೀತಾರೆ. ಇದು ಎಷ್ಟು ದೊಡ್ಡ ದಂಧೆ ಅಂದ್ರೆ 2017ರಲ್ಲಿ ಫೈರ್‌ಬಾಲ್ ಅನ್ನೋ ಹೈಜಾಕರ್ ಬಗ್ಗೆ ಚೆಕ್ ಪಾಯಿಂಟ್ ಅನ್ನೋ ಸೆಕ್ಯುರಿಟಿ ಕಂಪನಿ ವರದಿ ಕೊಟ್ಟಾಗ ಜಗತ್ತಿನಲ್ಲಿ 25 ಕೋಟಿ ಕಂಪ್ಯೂಟರ್‌ಗೆ ಹತ್ತಿದೆ, ಅದ್ರಲ್ಲಿ ಎರಡೂವರೆ ಕೋಟಿ ಭಾರತದ್ದೇ ಅಂತ ಅಂದಾಜು ಹೇಳಿತ್ತು. ಮೈಕ್ರೋಸಾಫ್ಟ್‌ನವರು ಅಷ್ಟಿಲ್ಲ, ಲೆಕ್ಕ ಜಾಸ್ತಿ ಆಯ್ತು ಅಂದ್ರು. ಅದನ್ನ ಕಮ್ಮಿ ಮಾಡ್ಕೊಂಡು ನೋಡಿದ್ರೂ ಸಣ್ಣದೇನಲ್ಲ.

ಕ್ರೋಮ್ ತೆಗೆದು ಹಾಕಿದ್ರೂ ಯಾಕೆ ವಾಪಸ್ ಬಂತು ಅಂದ್ರೆ ಎರಡು ಕಾರಣ ಇರಬಹುದು. ಅನ್‌ಇನ್‌ಸ್ಟಾಲ್ ಮಾಡೋವಾಗ ಬ್ರೌಸಿಂಗ್ ಡೇಟಾನೂ ಅಳಿಸು ಅಂತ ಟಿಕ್ ಹಾಕದಿದ್ರೆ ನಿಮ್ಮ ಪ್ರೊಫೈಲ್ ಫೋಲ್ಡರ್ ಹಾಗೇ ಉಳಿಯುತ್ತೆ, ಹೊಸ ಕ್ರೋಮ್ ಬಂದು ಅದನ್ನೇ ಓದ್ಕೊಳ್ಳುತ್ತೆ. ಇಲ್ಲಾಂದ್ರೆ ನೀವು ಗೂಗಲ್ ಅಕೌಂಟ್‌ಗೆ ಲಾಗಿನ್ ಆದ ತಕ್ಷಣ ಸಿಂಕ್ (ಅಕೌಂಟ್‌ನಲ್ಲಿ ಉಳಿದಿದ್ದನ್ನ ಈ ಕಂಪ್ಯೂಟರ್‌ಗೂ ತರೋ ವ್ಯವಸ್ಥೆ) ಶುರುವಾಗಿ ಹಳೇ ಎಕ್ಸ್‌ಟೆನ್ಷನ್‌ಗಳೆಲ್ಲಾ, ಅಂದ್ರೆ ಬ್ರೌಸರ್‌ಗೆ ಸೇರಿಸ್ಕೊಳ್ಳೋ ಸಣ್ಣ ಪ್ರೋಗ್ರಾಂಗಳೆಲ್ಲಾ, ತಾವಾಗೇ ಇಳಿದು ಬರ್ತವೆ, ಕೆಟ್ಟದ್ದೂ ಅದ್ರ ಜೊತೆಗೇ. "ಸ್ವಲ್ಪ ಹೊತ್ತು ಸರಿ ಇತ್ತು" ಅಂದ್ರಲ್ಲ, ನಂಗೆ ಸಿಂಕ್ ಮೇಲೇ ಅನುಮಾನ. ಹಾಗಾಗಿ ಕ್ಲೀನ್ ಮಾಡೋಕೆ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ಆಫ್ ಮಾಡಿ, ಎಲ್ಲಾ ಸರಿಹೋದ ಮೇಲೆ ಆನ್ ಮಾಡ್ಕೊಳ್ಳಿ.

ಈಗ ಪತ್ತೆ ಕೆಲಸ. ಕ್ರೋಮ್‌ನಲ್ಲಿ ಇನ್‌ಕಾಗ್ನಿಟೋ (ಹಿಸ್ಟರಿ ಉಳಿಸದ) ವಿಂಡೋ ಓಪನ್ ಮಾಡಿ ಅದೇ ಪದ ಹುಡುಕಿ. ಇನ್‌ಕಾಗ್ನಿಟೋದಲ್ಲಿ ಎಕ್ಸ್‌ಟೆನ್ಷನ್‌ಗಳು ನೀವಾಗಿ ಬಿಟ್ಟಿಲ್ಲದಿದ್ರೆ ಓಡಲ್ಲ. ಅಲ್ಲಿ ಸರಿಯಾಗಿ ಬಂದ್ರೆ ಕಳ್ಳ ಎಕ್ಸ್‌ಟೆನ್ಷನ್‌ನಲ್ಲೇ ಇದಾನೆ ಅಂತ ಹೆಚ್ಚುಕಮ್ಮಿ ಖಾತ್ರಿ. ಅಲ್ಲೂ ಕೆಟ್ಟದ್ದೇ ಬಂದ್ರೆ ವಿಂಡೋಸ್ ಜೊತೆಗೇ ಬರೋ ಎಡ್ಜ್ ಬ್ರೌಸರ್ ಓಪನ್ ಮಾಡಿ ನೋಡಿ. ಎಡ್ಜ್‌ನಲ್ಲಿ ಇಲ್ಲ ಅಂದ್ರೆ ಕ್ರೋಮ್‌ನ ಸೆಟ್ಟಿಂಗ್‌ನಲ್ಲಿದೆ, ಎರಡರಲ್ಲೂ ಇದೆ ಅಂದ್ರೆ ವಿಂಡೋಸ್‌ಗೇ ಇಳಿದಿದೆ. ಅಂಗಡಿಯ ಅದೇ ವೈಫೈಯಲ್ಲಿ ನಿಮ್ಮ ಫೋನ್‌ನಲ್ಲೂ ಹಾಗೇ ಆದ್ರೆ ರೂಟರ್ ನೋಡ್ಬೇಕು, ಅದಕ್ಕೆ ಕೆಳಗೆ ಶಿವಮೊಗ್ಗದವರಿಗೆ ಕೊಟ್ಟ ಉತ್ತರ ಓದಿ.

ಎಕ್ಸ್‌ಟೆನ್ಷನ್ ಅಂತಾದ್ರೆ ಬಲಗಡೆ ಮೇಲಿರೋ ಮೂರು ಚುಕ್ಕಿ ಒತ್ತಿ, ಎಕ್ಸ್‌ಟೆನ್ಷನ್ಸ್, ಅದ್ರಲ್ಲಿ ಮ್ಯಾನೇಜ್ ಎಕ್ಸ್‌ಟೆನ್ಷನ್ಸ್‌ಗೆ ಹೋಗಿ. ನಿಮಗೆ ನೆನಪಿಲ್ಲದ್ದು, ಬೇಡದ್ದು ಎಲ್ಲಾ ರಿಮೂವ್ ಮಾಡಿ. ಯಾವ್ದು ಅಂತ ಗೊತ್ತಾಗ್ಲಿಲ್ವಾ, ಎಲ್ಲಾ ಆಫ್ ಮಾಡಿ ಒಂದೊಂದಾಗಿ ಆನ್ ಮಾಡ್ತಾ ಹುಡುಕಿ ನೋಡಿ, ಯಾವ್ದು ಆನ್ ಆದಾಗ ಕಾಟ ಶುರುವಾಗುತ್ತೋ ಅದೇ. ಪಿಡಿಎಫ್ ಕನ್ವರ್ಟರ್, ವಿಡಿಯೋ ಡೌನ್‌ಲೋಡರ್, ಕೂಪನ್ ಹುಡುಕೋದು, ಹೊಸ ಟ್ಯಾಬ್‌ಗೆ ವಾಲ್‌ಪೇಪರ್ ಹಾಕೋದು, ಇಂಥವನ್ನ ಮೊದ್ಲು ನೋಡಿ. "ಇದು ಮೂರು ವರ್ಷದಿಂದ ಇದೆ, ಒಳ್ಳೇದೇ" ಅಂತ ಯಾವ್ದನ್ನೂ ಬಿಟ್ಟುಬಿಡಬೇಡಿ. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದು ಎಕ್ಸ್‌ಟೆನ್ಷನ್ ಇತ್ತು, ಬಳಸದ ಟ್ಯಾಬ್‌ಗಳನ್ನ ಮಲಗಿಸಿ ಮೆಮೊರಿ ಉಳಿಸ್ತಿತ್ತು, ಲಕ್ಷಾಂತರ ಜನ ನಂಬಿ ಬಳಸ್ತಿದ್ರು. 2020ರಲ್ಲಿ ಅದನ್ನ ಬರೆದವರು ಬೇರೆ ಯಾರಿಗೋ ಮಾರಿಬಿಟ್ರು, 2021ರ ಫೆಬ್ರವರಿಯಲ್ಲಿ ಗೂಗಲ್‌ನವರು ಅದ್ರಲ್ಲಿ ಮಾಲ್‌ವೇರ್ (ಹಾನಿ ಮಾಡೋ ಪ್ರೋಗ್ರಾಂ) ಇದೆ ಅಂತ ಸ್ಟೋರ್‌ನಿಂದ ಕಿತ್ತುಹಾಕಿದ್ರು. ಮಾಲೀಕ ಬದಲಾಗಿದ್ದು ಬಳಸ್ತಿದ್ದವರಿಗೆ ಗೊತ್ತೇ ಆಗಲ್ಲ, ಅಪ್‌ಡೇಟ್ ತಾನಾಗೇ ಬಂದಿರುತ್ತೆ.

ಕೆಲವಕ್ಕೆ ರಿಮೂವ್ ಬಟನ್ನೇ ಇರಲ್ಲ, ಜೊತೆಗೆ ಮೂರು ಚುಕ್ಕಿ ಮೆನುವಿನ ಕೆಳಗೆ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್" ಅಂತ ಕಾಣುತ್ತೆ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಇದು ಸಹಜ. ನಿಮ್ಮ ಸ್ವಂತ ಅಂಗಡಿ ಕಂಪ್ಯೂಟರ್‌ನಲ್ಲಿ ಬಂದ್ರೆ ನೋಡ್ಬೇಕು, ಕೆಲವು ಆಂಟಿವೈರಸ್ ಕೂಡ ಹಾಗೆ ತೋರಿಸುತ್ತೆ, ಆದ್ರೆ ರಿಮೂವ್ ಆಗದ ಎಕ್ಸ್‌ಟೆನ್ಷನ್ ಜೊತೆಗಿದ್ರೆ ಅದು ಹೈಜಾಕರ್ ಕೆಲಸ. ಕಂಪನಿಗಳು ತಮ್ಮ ನೌಕರರ ಕಂಪ್ಯೂಟರ್ ಹಿಡಿತದಲ್ಲಿಡೋಕೆ ಬಳಸೋ ಪಾಲಿಸಿ ಅನ್ನೋ ವ್ಯವಸ್ಥೆಯನ್ನ ಅದು ದುರುಪಯೋಗ ಮಾಡ್ಕೊಂಡಿರುತ್ತೆ. ರೆಜಿಸ್ಟ್ರಿ ಎಡಿಟರ್ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳನ್ನ ತೋರಿಸೋ ಟೂಲ್) ಓಪನ್ ಮಾಡಿ ಹೆಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಅಂತ ಒಳಗೆ ಹೋದ್ರೆ ಅದು ಬರೆದಿಟ್ಟಿದ್ದು ಕಾಣುತ್ತೆ, ಹೆಚ್‌ಕೀ ಕರೆಂಟ್ ಯೂಸರ್ ಕೆಳಗೂ ಇದೇ ದಾರಿಯಲ್ಲಿ ನೋಡಿ. ಅಳಿಸೋ ಮುಂಚೆ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು ಒಂದು ಕಾಪಿ ಇಟ್ಕೊಳ್ಳಿ. ರೆಜಿಸ್ಟ್ರಿ ಅಂದ್ರೆ ಭಯ ಆಗುತ್ತೆ ಅಂದ್ರೆ ಈ ಒಂದು ಹೆಜ್ಜೆಗೆ ಗೊತ್ತಿರೋರನ್ನ ಕೂರಿಸ್ಕೊಳ್ಳಿ, ಅದ್ರಲ್ಲಿ ನಾಚಿಕೆ ಏನಿಲ್ಲ.

ವಿಂಡೋಸ್‌ಗೆ ಇಳಿದಿದ್ರೆ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯನ್ನ ತಾರೀಖಿನ ಪ್ರಕಾರ ಜೋಡಿಸಿ, ಕಾಟ ಶುರುವಾದ ಆಸುಪಾಸು ಏನು ಬಂದಿದೆ ನೋಡಿ ತೆಗೀರಿ. ಡೆಸ್ಕ್‌ಟಾಪ್‌ನ ಕ್ರೋಮ್ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಟಾರ್ಗೆಟ್ ಅನ್ನೋ ಸಾಲು ಕ್ರೋಮ್ ಡಾಟ್ ಇಎಕ್ಸ್‌ಇಗೆ ಮುಗೀಬೇಕು, ಅದಾದ ಮೇಲೆ ಯಾವ್ದೋ ವೆಬ್‌ಸೈಟ್ ಅಡ್ರೆಸ್ ಅಂಟಿಸಿದ್ರೆ ಅದನ್ನಷ್ಟೇ ಅಳಿಸಿ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿ (ನಿಮ್ಮ ನೆಟ್‌ನ ಬೇರೆ ಸರ್ವರ್ ಮೂಲಕ ಕಳಿಸೋದು) ಆನ್ ಆಗಿದ್ಯಾ ನೋಡಿ, ಅಂಗಡಿ ಕಂಪ್ಯೂಟರ್‌ಗೆ ಅದು ಬೇಕಾಗಲ್ಲ. ಆಮೇಲೆ ಮಾಲ್‌ವೇರ್‌ಬೈಟ್ಸ್ ಕಂಪನಿಯ ಆಡ್‌ಡಬ್ಲ್ಯುಕ್ಲೀನರ್ ಅಂತ ಫ್ರೀ ಟೂಲ್ ಇದೆ, ಇನ್‌ಸ್ಟಾಲ್ ಕೂಡ ಮಾಡ್ಬೇಕಾಗಿಲ್ಲ, ಹೈಜಾಕರ್‌ಗೆ ಅಂತಲೇ ಮಾಡಿರೋದು, ಅವ್ರ ಸ್ವಂತ ಸೈಟಿಂದಲೇ ಇಳಿಸಿ ಓಡಿಸಿ. ಹಳೇ ಲೇಖನಗಳಲ್ಲಿ ಕ್ರೋಮ್‌ನ ಒಳಗೇ ಕ್ಲೀನಪ್ ಟೂಲ್ ಇದೆ ಅಂತ ಓದಿರ್ತೀರಿ, ಗೂಗಲ್‌ನವರು ಅದನ್ನ 2023ರಲ್ಲಿ ತೆಗೆದಿದಾರೆ, ಹುಡುಕಬೇಡಿ. ಇಷ್ಟಾದ ಮೇಲೂ ಕಂಪ್ಯೂಟರ್ ಆನ್ ಮಾಡಿದಾಗೆಲ್ಲಾ ವಾಪಸ್ ಬರ್ತಿದ್ರೆ ಟಾಸ್ಕ್ ಶೆಡ್ಯೂಲರ್‌ನಲ್ಲಿ (ಪ್ರೋಗ್ರಾಂಗಳನ್ನ ತಾನಾಗೇ ಓಡಿಸೋ ವಿಂಡೋಸ್ ವ್ಯವಸ್ಥೆ) ಒಂದು ಗುಟ್ಟಿನ ಕೆಲಸ ಬರೆದಿಟ್ಟಿರಬಹುದು, ಅದನ್ನೂ ನೋಡಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಒಂದ್ಸಲ ಕೊಡಿ. ಕೊನೆಗೆ ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಮಾಡಿ, ಬುಕ್‌ಮಾರ್ಕ್ ಮತ್ತೆ ಪಾಸ್‌ವರ್ಡ್ ಹೋಗಲ್ಲ.

ಹಗುರವಾಗಿ ತಗೋಬೇಡಿ ಅಂದಿದ್ದು ಇದಕ್ಕೆ: ಎಕ್ಸ್‌ಟೆನ್ಷನ್ ಹಾಕೋವಾಗ "ಎಲ್ಲಾ ವೆಬ್‌ಸೈಟ್‌ನಲ್ಲಿರೋದನ್ನ ಓದಬಹುದು, ಬದಲಾಯಿಸಬಹುದು" ಅಂತ ಪರ್ಮಿಷನ್ ಕೇಳಿರುತ್ತೆ, ನೀವು ಕೊಟ್ಟಿರ್ತೀರಿ. ಅಂದ್ರೆ ಇಷ್ಟು ದಿನ ನೀವು ಬ್ಯಾಂಕ್ ಪೇಜ್‌ನಲ್ಲಿ, ಇಮೇಲ್‌ನಲ್ಲಿ ಟೈಪ್ ಮಾಡಿದ್ದನ್ನ ಅದು ನೋಡೋ ಸ್ಥಿತಿಯಲ್ಲಿತ್ತು. ಕ್ಲೀನ್ ಆದ ಮೇಲೆ ಇಮೇಲ್ ಮತ್ತೆ ಬ್ಯಾಂಕ್ ಪಾಸ್‌ವರ್ಡ್ ಬೇರೆ ಸಾಧನದಿಂದ ಬದಲಾಯಿಸಿ, ಎಲ್ಲಾ ಡಿವೈಸ್‌ನಿಂದ ಲಾಗ್‌ಔಟ್ ಕೊಡಿ. ಇದನ್ನ ಯಾರೂ ಹೇಳಲ್ಲ, ಫಾರ್ಮ್ಯಾಟ್ ಮಾಡೋರೂ ಹೇಳಲ್ಲ.

ಇನ್ನು ಇದು ಬಂದಿದ್ದೆಲ್ಲಿಂದ? ಡಿಟಿಪಿಯವರಿಗೆ ಫಾಂಟು, ಕನ್ವರ್ಟರು, ಕೀಬೋರ್ಡ್ ಸಾಫ್ಟ್‌ವೇರ್ ದಿನಾ ಬೇಕು. ಹುಡುಕಿದಾಗ ಮೊದ್ಲು ಸಿಗೋ ಡೌನ್‌ಲೋಡ್ ಸೈಟ್‌ಗಳಲ್ಲಿ ನಾಲ್ಕು ಹಸಿರು ಬಟನ್ ಇರುತ್ತೆ, ಮೂರು ಜಾಹೀರಾತು. ನುಡಿ ಬೇಕಿದ್ರೆ ಕನ್ನಡ ಗಣಕ ಪರಿಷತ್ತಿನ ಸೈಟಿಂದ ತಗೊಳ್ಳಿ, ಅದು ಫ್ರೀಯಾಗೇ ಸಿಗುತ್ತೆ, ಮಧ್ಯವರ್ತಿ ಯಾಕೆ? ಇನ್‌ಸ್ಟಾಲ್ ಮಾಡೋವಾಗ ಎಕ್ಸ್‌ಪ್ರೆಸ್ ಬಿಟ್ಟು ಕಸ್ಟಮ್ ಆರಿಸಿ, ಜೊತೆಗೆ ಬರೋ ಟೂಲ್‌ಬಾರ್ ಟಿಕ್ ತೆಗೀರಿ. ಇನ್ನೊಂದು ಮಾತು ಕೇಳೋಕೆ ಕಷ್ಟ ಆದ್ರೂ ಹೇಳ್ತೀನಿ, ಕ್ರ್ಯಾಕ್ ಮಾಡಿದ ಡಿಸೈನ್ ಸಾಫ್ಟ್‌ವೇರ್ ಹಾಕೋವಾಗ "ಆಂಟಿವೈರಸ್ ಆಫ್ ಮಾಡಿ" ಅಂತ ಅವ್ರೇ ಬರೆದಿರ್ತಾರಲ್ಲ, ಆ ಆಫ್ ಮಾಡಿದ ಹೊತ್ತಲ್ಲೇ ಇಂಥವು ಒಳಗೆ ಬರೋದು. ಇಂಕ್‌ಸ್ಕೇಪ್, ಸ್ಕ್ರೈಬಸ್ ಅನ್ನೋ ಡಿಸೈನ್ ಸಾಫ್ಟ್‌ವೇರ್ ಎರಡೂ ಫ್ರೀ, ಸ್ವಲ್ಪ ಅಭ್ಯಾಸ ಬೇಕು, ಆದ್ರೆ ಗಿರಾಕಿಗಳ ಆಧಾರ್ ಕಾಪಿ ಇರೋ ಕಂಪ್ಯೂಟರ್‌ಗೆ ಆ ಅಭ್ಯಾಸ ಮಾಡ್ಕೊಳ್ಳೋದು ಒಳ್ಳೇದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ನಮಸ್ಕಾರ್ರೀ ಸರ, ನಾವು ಹುಬ್ಬಳ್ಳಿಯವ್ರು. ನಮ್ಮ ಮೊಬೈಲ್‌ನ್ಯಾಗ ದಿನಾ ನೋಟಿಫಿಕೇಷನ್ ಬರ್ತಾವ್ರೀ, ನಿಮ್ಮ ಫೋನಿಗೆ ವೈರಸ್ ಬಂದೈತಿ ಅಂತ. ಒತ್ತಿದ್ರ ಯಾವ್ದೋ ಆಟದ ಪೇಜ್ ತೆರೀತೈತಿ. ಸುಮ್ನ ಇಟ್ರೂ ಕೆಲವೊಮ್ಮೆ ಸ್ಕ್ರೀನ್ ತುಂಬ ಆಡ್ ಬರ್ತೈತ್ರೀ. ಕ್ರೋಮ್ ತಗದು ಹಾಕ್ಬೇಕೇನ್ರೀ?

ಉತ್ತರ: ನಿಮ್ಮದು ಎರಡು ಬೇರೆ ಬೇರೆ ಕಾಟ, ಒಟ್ಟಿಗೆ ಬಂದಿವೆ. ಆಂಡ್ರಾಯ್ಡ್‌ನ ಕ್ರೋಮ್‌ಗೆ ಎಕ್ಸ್‌ಟೆನ್ಷನ್ನೇ ಹಾಕೋಕಾಗಲ್ಲ, ಹಾಗಾಗಿ ಮೇಲಿನವರ ಉಪಾಯ ನಿಮಗೆ ಬೇಡ.

ವೈರಸ್ ಬಂದಿದೆ ಅನ್ನೋ ನೋಟಿಫಿಕೇಷನ್ ಯಾವ್ದೋ ವೆಬ್‌ಸೈಟ್ ಕಳಿಸ್ತಿರೋದು. ಯಾವಾಗ್ಲೋ ಒಂದು ಪೇಜ್ "ನೀವು ರೋಬೋಟ್ ಅಲ್ಲ ಅಂತ ತೋರಿಸೋಕೆ ಅಲೌ ಒತ್ತಿ" ಅಂದಿರುತ್ತೆ, ಒತ್ತಿರ್ತೀರಿ, ಅದು ನೋಟಿಫಿಕೇಷನ್‌ಗೆ ಕೊಟ್ಟ ಅನುಮತಿ. ಮತ್ತೆ ಬಂದಾಗ ಅದನ್ನ ತೆರೀಬೇಡಿ, ಉದ್ದಕ್ಕೆ ಒತ್ತಿ ಹಿಡೀರಿ, ಯಾವ ಸೈಟ್ ಅಂತ ಹೆಸರು ಕಾಣುತ್ತೆ, ಅಲ್ಲೇ ಆಫ್ ಮಾಡ್ಬಹುದು. ಇಲ್ಲಾ ಕ್ರೋಮ್ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ ಗೊತ್ತಿಲ್ಲದ್ದೆಲ್ಲಾ ಬ್ಲಾಕ್ ಮಾಡಿ.

ಬ್ರೌಸರ್ ಮುಚ್ಚಿದ್ರೂ ಬರೋ ಆಡ್ ಮಾತ್ರ ಬೇರೆ ಆಪ್‌ದು. ಆಡ್ ಬಂದ ತಕ್ಷಣ ರೀಸೆಂಟ್ ಆಪ್ಸ್ ಬಟನ್ ಒತ್ತಿ, ಯಾವ ಆಪ್ ಇದನ್ನ ತೋರಿಸ್ತಿದೆ ಅಂತ ಐಕಾನ್ ಅಲ್ಲಿ ಸಿಗಬಹುದು. ಟಾರ್ಚು, ಕ್ಲೀನರು, ಕಾಲರ್ ಟ್ಯೂನು ಇಂಥವು ಸಾಮಾನ್ಯ. ಸಿಗ್ಲಿಲ್ಲ ಅಂದ್ರೆ ಸೆಟ್ಟಿಂಗ್ಸ್‌ನಲ್ಲಿ "ಡಿಸ್‌ಪ್ಲೇ ಓವರ್ ಅದರ್ ಆಪ್ಸ್" ಅಂತ ಹುಡುಕಿ ಯಾರ್ಯಾರಿಗೆ ಆ ಅನುಮತಿ ಇದೆ ನೋಡಿ. ಫೋನನ್ನ ಸೇಫ್ ಮೋಡ್‌ಗೆ ಹಾಕಿದ್ರೆ ನೀವು ಇಳಿಸಿದ ಆಪ್‌ಗಳು ಓಡಲ್ಲ, ಆಗ ಆರಾಮಾಗಿ ಅನ್‌ಇನ್‌ಸ್ಟಾಲ್ ಮಾಡಿ. ಪ್ಲೇ ಸ್ಟೋರ್‌ನ ಪ್ಲೇ ಪ್ರೊಟೆಕ್ಟ್ ಆನ್ ಇರಲಿ.

ವಾಟ್ಸಾಪ್‌ನಲ್ಲಿ ಮದುವೆ ಕಾರ್ಡು, ಟ್ರಾಫಿಕ್ ಚಲನ್ನು, ಪಿಎಂ ಕಿಸಾನ್ ಅಂತ ಹೆಸರಿಟ್ಕೊಂಡು ಬರೋ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆಪ್ ಹಾಕೋ ಫೈಲ್) ಏನಾದ್ರೂ ಇತ್ತೀಚೆಗೆ ಹಾಕಿದ್ದೀರಾ? ಹಾಕಿದ್ರೆ ಇದು ಆಡ್ ವಿಷಯ ಅಲ್ಲವೇ ಅಲ್ಲ, ಅವು ಎಸ್ಸೆಮ್ಮೆಸ್ ಓದಿ ಒಟಿಪಿ ಕದಿಯೋಕೆ ಬಂದಿರ್ತವೆ. ನೆಟ್ ಬಂದ್ ಮಾಡಿ, ಬೇರೆ ಫೋನಿಂದ ಬ್ಯಾಂಕಿಗೆ ಹೇಳಿ, ಮುಖ್ಯವಾದ್ದು ಕಾಪಿ ತಗೊಂಡು ಫ್ಯಾಕ್ಟರಿ ರೀಸೆಟ್ ಮಾಡಿ. ಈ ಒಂದು ಕೇಸ್‌ನಲ್ಲಿ ನಾನೇ ರೀಸೆಟ್ ಮಾಡಿ ಅಂತೀನಿ.

ಪ್ರಶ್ನೆ: ಶಿವಮೊಗ್ಗದಿಂದ. ಮನೇಲಿ ಎಲ್ಲರ ಫೋನು, ಮಗಳ ಲ್ಯಾಪ್‌ಟಾಪು, ಟಿವಿ ಸಹ, ವೈಫೈಗೆ ಹಾಕಿದ್ರೆ ಆಗಾಗ ಬೆಟ್ಟಿಂಗ್ ಸೈಟ್ ಓಪನ್ ಆಗುತ್ತೆ. ಮೊಬೈಲ್ ಡೇಟಾದಲ್ಲಿ ಏನೂ ತೊಂದ್ರೆ ಇಲ್ಲ. ಆಂಟಿವೈರಸ್ ದುಡ್ಡು ಕೊಟ್ಟು ತಗೊಂಡ್ವಿ, ಏನೂ ಸಿಗಲಿಲ್ಲ.

ಉತ್ತರ: ಪತ್ತೆ ಕೆಲಸ ನೀವೇ ಮುಗಿಸಿದೀರಿ. ಮನೆಯ ಎಲ್ಲಾ ನಲ್ಲಿಯಲ್ಲೂ ಕೆಸರು ನೀರು ಬಂದ್ರೆ ನಲ್ಲಿ ಬಿಚ್ಚಬಾರದು, ಮೇಲೆ ಹತ್ತಿ ಟ್ಯಾಂಕ್ ನೋಡ್ಬೇಕು. ನಿಮ್ಮ ಟ್ಯಾಂಕು ರೂಟರ್, ಅದ್ರಲ್ಲೂ ಡಿಎನ್‌ಎಸ್ ಸೆಟ್ಟಿಂಗು. ನೀವು ಒಂದು ಸೈಟ್ ಹೆಸರು ಟೈಪ್ ಮಾಡಿದಾಗ ಅದ್ರ ನಂಬರ್ ಅಡ್ರೆಸ್ ಯಾವ್ದು ಅಂತ ಹೇಳೋದು ಡಿಎನ್‌ಎಸ್ ಸರ್ವರ್. ರೂಟರ್‌ನಲ್ಲಿ ಆ ಸರ್ವರ್ ಅಡ್ರೆಸ್ ಬದಲಾಯಿಸಿಬಿಟ್ರೆ ಮನೆಯ ಎಲ್ಲಾ ಸಾಧನಗಳೂ ಕಳ್ಳನ್ನ ದಾರಿ ಕೇಳ್ತಿರ್ತವೆ, ಯಾವ ಕಂಪ್ಯೂಟರ್‌ನಲ್ಲೂ ವೈರಸ್ ಇಲ್ಲದ್ದಕ್ಕೆ ಆಂಟಿವೈರಸ್‌ಗೆ ಸಿಗಲ್ಲ.

ಇದು ಹಳೇ ವಿದ್ಯೆ. ಡಿಎನ್‌ಎಸ್‌ಚೇಂಜರ್ ಅಂತ ಒಂದು ಮಾಲ್‌ವೇರ್ 2007ರಿಂದ ಸುಮಾರು 40 ಲಕ್ಷ ಕಂಪ್ಯೂಟರ್‌ಗಳನ್ನ ಹೀಗೇ ತಿರುಗಿಸಿತ್ತು, ಎಸ್ಟೋನಿಯಾ ದೇಶದ ಆರು ಜನ 2011ರ ನವೆಂಬರ್‌ನಲ್ಲಿ ಸಿಕ್ಕಿಬಿದ್ರು. ಅವ್ರ ಸರ್ವರ್ ತಕ್ಷಣ ನಿಲ್ಲಿಸಿದ್ರೆ ಅಷ್ಟೂ ಜನಕ್ಕೆ ಇಂಟರ್ನೆಟ್ಟೇ ಕಟ್ ಆಗ್ತಿತ್ತು, ಅದಕ್ಕೆ ಅಮೆರಿಕದ ಕೋರ್ಟ್ ಆದೇಶದ ಮೇಲೆ ಅದ್ರ ಜಾಗದಲ್ಲಿ ಸರಿಯಾದ ಸರ್ವರ್ ಇಟ್ಟು 2012ರ ಜುಲೈ 9ರ ತನಕ ನಡೆಸಿದ್ರು. ಅಷ್ಟು ತಿಂಗಳಾದ್ರೂ ತಮ್ಮ ಸೆಟ್ಟಿಂಗ್ ಬದಲಾಗಿದೆ ಅಂತ ಗೊತ್ತಿಲ್ಲದೇ ಇದ್ದವರು ಲಕ್ಷಗಟ್ಟಲೆ.

ರೂಟರ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಲಾಗಿನ್ ಅಡ್ರೆಸ್ ಇರುತ್ತೆ, ಸಾಮಾನ್ಯವಾಗಿ 192.168.1.1. ಒಳಗೆ ಹೋಗಿ ಇಂಟರ್ನೆಟ್ ಅಥವಾ ವ್ಯಾನ್ ಅನ್ನೋ ಕಡೆ ಮತ್ತೆ ಡಿಹೆಚ್‌ಸಿಪಿ ಅನ್ನೋ ಕಡೆ, ಎರಡೂ ಕಡೆ ಡಿಎನ್‌ಎಸ್ ನೋಡಿ. ಅಲ್ಲಿರೋದನ್ನ ಅಳಿಸಿ ಆಟೋಮ್ಯಾಟಿಕ್ ಮಾಡಿ, ಇಲ್ಲಾ ಗೂಗಲ್‌ದು 8.8.8.8, ಕ್ಲೌಡ್‌ಫ್ಲೇರ್‌ದು 1.1.1.1 ಹಾಕಿ. ಆಮೇಲೆ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಲೇಬೇಕು, ಇದು ವೈಫೈ ಪಾಸ್‌ವರ್ಡ್ ಅಲ್ಲ, ರೂಟರ್ ಒಳಗೆ ಹೋಗೋ ಪಾಸ್‌ವರ್ಡ್, ಎಷ್ಟೋ ಮನೇಲಿ ಅದು ಹಾಕಿಕೊಟ್ಟ ದಿನದಿಂದ ಅಡ್ಮಿನ್ ಅಂತಲೇ ಇರುತ್ತೆ. ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರ್‌ಗೆ ಲಾಗಿನ್ ಆಗೋ ಸೌಲಭ್ಯ) ಆಫ್ ಮಾಡಿ, ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಇದ್ರೆ ಹಾಕಿ. ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡೋ ಆತುರ ಬೇಡ, ನಿಮ್ಮ ಕೇಬಲ್ ಅಥವಾ ಫೈಬರ್‌ನವರು ಹಾಕಿಕೊಟ್ಟ ಯೂಸರ್‌ನೇಮ್ ಪಾಸ್‌ವರ್ಡ್ ಅದ್ರ ಜೊತೆ ಅಳಿಸಿಹೋದ್ರೆ ಅವ್ರು ಬರೋ ತನಕ ನೆಟ್ಟೇ ಇರಲ್ಲ. ಅದನ್ನ ಮೊದ್ಲು ಕೇಳಿ ಬರ್ಕೊಂಡಿಡಿ.

ಅಲ್ಲಿಯವರೆಗೆ ಬ್ಯಾಂಕ್ ಕೆಲಸ ಮೊಬೈಲ್ ಡೇಟಾದಲ್ಲೇ ಮಾಡಿ. ವೈಫೈಯಲ್ಲಿ ಬ್ರೌಸರ್ "ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್" ಅಂತ ಕೆಂಪು ಎಚ್ಚರಿಕೆ ಕೊಟ್ರೆ ಅದು ನಿಜವಾದ ಎಚ್ಚರಿಕೆ, ದಾಟಿ ಹೋಗಬೇಡಿ. ಅಂದ ಹಾಗೆ ತಿಂಗಳ ಕೊನೇಲಿ ನಿಮ್ಮ ಪ್ಯಾಕ್ ಮುಗಿದಿದೆ ಅಂತ ನೆಟ್ ಕಂಪನಿಯ ಪೇಜ್ ಬರೋದೂ ರೀಡೈರೆಕ್ಟೇ (ಬೇರೆ ಪೇಜ್‌ಗೆ ತಿರುಗಿಸೋದೇ), ಆದ್ರೆ ಅದು ಕಾಟ ಅಲ್ಲ.

ಪ್ರಶ್ನೆ: ಉಡುಪಿ ಕಡೆಯ ನಮ್ಮ ಯಕ್ಷಗಾನ ಸಂಘದ ವೆಬ್‌ಸೈಟ್ ನಾನೇ ನೋಡ್ಕೊಳ್ಳೋದು. ಗೂಗಲ್‌ನಲ್ಲಿ ಹುಡುಕಿ ಮೊಬೈಲಿಂದ ಬಂದವರಿಗೆ ಲಾಟರಿ ಪೇಜ್ ತೆರೀತದೆ ಅಂತ ದೂರು. ನಾನು ತೆಗೆದ್ರೆ ಸರಿಯಾಗಿಯೇ ಉಂಟು. ಅವರ ಫೋನಿನ ಸಮಸ್ಯೆಯಾ?

ಉತ್ತರ: ಅಲ್ಲ ಸರ್, ನಿಮ್ಮ ಸೈಟ್ ಹ್ಯಾಕ್ ಆಗಿರೋ ಸಾಧ್ಯತೆ ಬಹಳ. ಒಳಗೆ ಸೇರಿಸಿರೋ ಕೋಡ್ ಯಾರು ಬಂದ್ರು, ಎಲ್ಲಿಂದ ಬಂದ್ರು ಅಂತ ನೋಡುತ್ತೆ. ಅಡ್ಮಿನ್ ಆಗಿ ಲಾಗಿನ್ ಆಗಿರೋರಿಗೆ, ಅಡ್ರೆಸ್ ನೇರ ಟೈಪ್ ಮಾಡಿದೋರಿಗೆ ಒಳ್ಳೇ ಪೇಜು, ಗೂಗಲ್‌ನಿಂದ ಮೊಬೈಲ್‌ನಲ್ಲಿ ಬಂದೋರಿಗೆ ಲಾಟರಿ. ಮಾಲೀಕನಿಗೆ ಗೊತ್ತಾಗದೇ ಇರ್ಲಿ ಅಂತಲೇ ಹೀಗೆ ಮಾಡಿರೋದು. ನೀವೂ ಲಾಗ್‌ಔಟ್ ಆಗಿ, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ಗೂಗಲ್‌ನಲ್ಲಿ ಸಂಘದ ಹೆಸರು ಹುಡುಕಿ ಒತ್ತಿ ನೋಡಿ.

ಸೈಟ್ ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟೋ ಸಾಫ್ಟ್‌ವೇರ್) ಮೇಲೆ ಮಾಡಿದ್ದಾಗಿದ್ರೆ ಯೂಸರ್ಸ್ ಪಟ್ಟಿಯಲ್ಲಿ ಗೊತ್ತಿಲ್ಲದ ಅಡ್ಮಿನ್ ಇದಾರಾ ನೋಡಿ, ಹಳೇ ಪ್ಲಗಿನ್‌ಗಳನ್ನೆಲ್ಲಾ ಅಪ್‌ಡೇಟ್ ಮಾಡಿ, ಬಳಸದೇ ಇರೋದನ್ನ ಡಿಲೀಟ್ ಮಾಡಿ, ದುಡ್ಡು ಕೊಟ್ಟು ತಗೋಬೇಕಾದ ಥೀಮನ್ನ ಯಾರೋ ಫ್ರೀಯಾಗಿ ಕೊಟ್ರು ಅಂತ ಹಾಕಿದ್ರೆ ಅದನ್ನೇ ಮೊದ್ಲು ತೆಗೀರಿ. ಹೋಸ್ಟಿಂಗ್‌ನವರ ಹತ್ರ ಹಳೇ ಬ್ಯಾಕಪ್ ಇರುತ್ತೆ, ದೂರು ಶುರುವಾಗೋಕೂ ಹಿಂದಿನದ್ದು ಕೇಳಿ. ಬ್ಯಾಕಪ್ ಹಾಕಿ ಪ್ಲಗಿನ್ ಹಳೇದೇ ಬಿಟ್ರೆ ಮತ್ತೆ ಬರ್ತಾರೆ. ಪಾಸ್‌ವರ್ಡ್‌ಗಳು, ಹೋಸ್ಟಿಂಗ್‌ದೂ ಸೇರಿ, ಎಲ್ಲಾ ಬದಲಾಗಬೇಕು. ಗೂಗಲ್ ಸರ್ಚ್ ಕನ್ಸೋಲ್‌ಗೆ ಸೈಟ್ ಸೇರಿಸಿದ್ರೆ ಸೆಕ್ಯುರಿಟಿ ಇಶ್ಯೂಸ್ ಅನ್ನೋ ಕಡೆ ಅವ್ರಿಗೆ ಕಂಡ ತೊಂದ್ರೆ ಇದ್ರೆ ತೋರಿಸ್ತಾರೆ, ಕ್ಲೀನ್ ಆದ ಮೇಲೆ ಅಲ್ಲಿಂದಲೇ ರಿವ್ಯೂ ಕೇಳಿ.

ಪ್ರಶ್ನೆ: ನಾನು ಅಮೆರಿಕದಲ್ಲಿದೀನಿ, ಅಪ್ಪ ಅಮ್ಮ ಮೈಸೂರಲ್ಲಿ. ಅಪ್ಪ ಪೇಪರ್ ಓದೋವಾಗ ಇದ್ದಕ್ಕಿದ್ದಂತೆ ಸ್ಕ್ರೀನ್ ತುಂಬ ಪೇಜ್ ಬಂದು ಸೈರನ್ ಹೊಡ್ಕೊಂಡು, ಕಂಪ್ಯೂಟರ್ ಲಾಕ್ ಆಗಿದೆ ಈ ನಂಬರ್‌ಗೆ ಫೋನ್ ಮಾಡಿ ಅಂತ ಹೇಳಿದೆ. ಅಪ್ಪ ತುಂಬಾ ಹೆದರಿದಾರೆ. ಇಲ್ಲಿಂದ ನಾನೇನು ಮಾಡ್ಬಹುದು ಸರ್?

ಉತ್ತರ: ಮೊದ್ಲು ಅಪ್ಪನಿಗೆ ಹೇಳಿ, ಕಂಪ್ಯೂಟರ್ ಲಾಕ್ ಆಗಿಲ್ಲಪ್ಪಾ, ಅದು ಬರೀ ಒಂದು ವೆಬ್ ಪೇಜು, ಫುಲ್ ಸ್ಕ್ರೀನ್ ಆಗಿ ಸದ್ದು ಮಾಡ್ತಿದೆ ಅಷ್ಟೇ. ಎಸ್ಕೇಪ್ ಕೀ ಒತ್ತಿ ಹಿಡಿದ್ರೆ ಚಿಕ್ಕದಾಗುತ್ತೆ, ಆಮೇಲೆ ಆಲ್ಟ್ ಮತ್ತೆ ಎಫ್ 4 ಒಟ್ಟಿಗೆ ಒತ್ತಿ ಮುಚ್ಚಬಹುದು. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಪವರ್ ಬಟನ್ ಹಿಡ್ಕೊಂಡು ಆಫ್ ಮಾಡಿದ್ರೂ ನಷ್ಟ ಇಲ್ಲ. ಮತ್ತೆ ಬ್ರೌಸರ್ ತೆರೆದಾಗ "ರೀಸ್ಟೋರ್" ಅಂತ ಕೇಳುತ್ತೆ, ಬೇಡ ಅನ್ನಿ, ಹೌದು ಅಂದ್ರೆ ಅದೇ ಪೇಜ್ ವಾಪಸ್.

ಮುಂದಕ್ಕೆ, ನೀವು ಅಲ್ಲಿಂದಲೇ ವಿಡಿಯೋ ಕಾಲ್‌ನಲ್ಲಿ ಮಾಡಿಸಬಹುದಾದ್ದು: ಅಪ್ಪ ದಿನಾ ಬಳಸೋ ವಿಂಡೋಸ್ ಅಕೌಂಟ್‌ನ ಸ್ಟ್ಯಾಂಡರ್ಡ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಬೇರೆ ಇಟ್ಟು ನಿಮ್ಮ ಹತ್ರ ಇಟ್ಕೊಳ್ಳಿ, ಆಗ ಹೆಚ್ಚಿನ ಸಾಫ್ಟ್‌ವೇರ್ ಹಾಕೋಕೆ ನಿಮ್ಮನ್ನ ಕೇಳಲೇಬೇಕು. ಕ್ರೋಮ್‌ಗೆ ಯುಬ್ಲಾಕ್ ಆರಿಜಿನ್ ಲೈಟ್ ಅನ್ನೋ ಜಾಹೀರಾತು ತಡೆಯೋ ಎಕ್ಸ್‌ಟೆನ್ಷನ್ ಹಾಕಿ, ಫೈರ್‌ಫಾಕ್ಸ್ ಬಳಸೋದಾದ್ರೆ ಪೂರ್ತಿ ಯುಬ್ಲಾಕ್ ಆರಿಜಿನ್ನೇ ಸಿಗುತ್ತೆ, ಇಂಥ ಪೇಜ್‌ಗಳು ಹೆಚ್ಚಾಗಿ ಜಾಹೀರಾತಿನ ಮೂಲಕವೇ ಬರೋದ್ರಿಂದ ಬಹಳಷ್ಟು ಅಲ್ಲೇ ನಿಲ್ತವೆ. ಬ್ರೌಸರ್‌ನಲ್ಲಿ ನೋಟಿಫಿಕೇಷನ್ ಕೇಳೋದನ್ನೇ ಪೂರ್ತಿ ಆಫ್ ಮಾಡಿ. ಎಡ್ಜ್‌ನಲ್ಲಿ ಸ್ಕೇರ್‌ವೇರ್ ಬ್ಲಾಕರ್ ಅಂತ ಬಂದಿದೆ, ಇಂಥ ಪೇಜ್ ಹಿಡಿಯೋಕೇ ಮಾಡಿರೋದು, ಅದೂ ಆನ್ ಇರಲಿ.

ಒಂದು ಮಾತ್ರ ನಿಧಾನವಾಗಿ, ಬೈಯದೇ ಕೇಳಿ: ಆ ನಂಬರ್‌ಗೆ ಫೋನ್ ಮಾಡಿದ್ರಾ, ಅವ್ರು ಹೇಳಿದ ಆಪ್ ಏನಾದ್ರೂ ಹಾಕಿದ್ರಾ ಅಂತ. ಬೈತಾರೆ ಅನ್ನೋ ಹೆದರಿಕೆಗೆ ಹಿರಿಯರು ಮುಚ್ಚಿಡ್ತಾರೆ, ಆ ಹೊತ್ತಲ್ಲೇ ದುಡ್ಡು ಹೋಗೋದು. ಆಪ್ ಹಾಕಿದ್ರೆ ನೆಟ್ ಕಟ್ ಮಾಡಿಸಿ, ಬ್ಯಾಂಕಿಗೆ ಫೋನ್ ಮಾಡಿಸಿ, ಎನಿಡೆಸ್ಕ್ ಥರದ, ದೂರದಿಂದ ಕಂಪ್ಯೂಟರ್ ನಡೆಸೋ ಆಪ್‌ಗಳನ್ನ ತೆಗೆಸಿ. ದುಡ್ಡು ಹೋಗಿದ್ರೆ ತಕ್ಷಣ 1930. ಅದು ಭಾರತದ ಸೈಬರ್ ವಂಚನೆ ಸಹಾಯವಾಣಿ, ನೀವು ಅಲ್ಲಿಂದ ಪ್ರಯತ್ನ ಮಾಡ್ತಾ ಹೊತ್ತು ಕಳೀಬೇಡಿ, ಅಪ್ಪನ ಫೋನಿಂದಲೇ ಮಾಡಿಸಿ, ಅಕೌಂಟ್ ನಂಬರು, ಹೋದ ಮೊತ್ತ, ಹೋದ ಹೊತ್ತು, ಟ್ರಾನ್ಸಾಕ್ಷನ್ ನಂಬರು ಒಂದು ಕಾಗದದಲ್ಲಿ ಬರೆದು ಅವ್ರ ಕೈಲಿಟ್ಕೊಳ್ಳೋಕೆ ಹೇಳಿ.